ಜಬಿರು: ಗಣಿ ಮುಚ್ಚಿದ ಮೇಲೂ ಉಳಿದ ಊರು

ಆಸ್ಟ್ರೇಲಿಯಾದ ಔಟ್‌ಬ್ಯಾಕ್ ಎಂದರೆ ಕೆಂಪು ಮಣ್ಣು, ಬೋಳು ಬಯಲು, ನೂರು ಮೈಲಿಗೊಂದು ಪೆಟ್ರೋಲ್ ಬಂಕು ಎಂದು ಸಿನಿಮಾಗಳು ನಮ್ಮನ್ನು ನಂಬಿಸಿಬಿಟ್ಟಿವೆ. ಜಬಿರು ಕೂಡ ಔಟ್‌ಬ್ಯಾಕಿನ ಊರೇ. ಆದರೆ ಇಲ್ಲಿ ಡಿಸೆಂಬರಿನಿಂದ ಮಾರ್ಚ್‌ವರೆಗೆ ಜಡಿಮಳೆ ಹಿಡಿಯುತ್ತದೆ, ಹಳ್ಳಗಳು ಉಕ್ಕಿ ರಸ್ತೆ ನುಂಗುತ್ತವೆ, ಮಳೆ ಹಿಂದೆಗೆದ ಮೇಲೆ ಕೊಳಗಳ ತುಂಬ ತಾವರೆ ಅರಳುತ್ತದೆ. ದೇಶದ ಉತ್ತರ ಅಂಚಿನ ನಾರ್ದರ್ನ್ ಟೆರಿಟರಿಯಲ್ಲಿ, ಕಾಕಡು ರಾಷ್ಟ್ರೀಯ ಉದ್ಯಾನದ ಗಡಿಯೊಳಗೇ ಇರುವ ಈ ಊರಿನಲ್ಲಿ ಸಾವಿರ ಜನವೂ ಇಲ್ಲ. ಯುರೇನಿಯಂ ಗಣಿಯ ಕೆಲಸಗಾರರಿಗಾಗಿ 1982ರಲ್ಲಿ ಕಟ್ಟಿದ್ದು. ಗಣಿ ಮುಗಿದಾಗ ಕೆಡವಿ ಜಾಗ ತೆರವು ಮಾಡಬೇಕೆಂಬ ಕರಾರಿನ ಮೇಲೆಯೇ ಕಟ್ಟಿದ್ದು. ಗಣಿಯ ಕೆಲಸ 2021ರಲ್ಲಿ ನಿಂತಿತು. ಊರು ಉಳಿಯಿತು, ಒಡೆತನ ಬದಲಾಯಿತು.

ಕಾಕಡು ನೋಡಲು ಬರುವ ಬಹಳಷ್ಟು ಜನರಿಗೆ ಜಬಿರು ಎಂದರೆ ಪೆಟ್ರೋಲ್ ಹಾಕಿಸಿ, ಬ್ರೆಡ್ಡು ಕೊಂಡು ಮುಂದೆ ಹೋಗುವ ತಾಣ. ನಷ್ಟ ಅವರದೇ. ಬಂಡೆಚಿತ್ರ, ಮೊಸಳೆ, ಜಲಪಾತಗಳಷ್ಟೇ ಮುಖ್ಯವಾದ ಕಥೆ ಈ ಪುಟ್ಟ ಊರಿನದು. ಅದನ್ನು ತಿಳಿಯದೆ ನೋಡಿದ ಕಾಕಡು ಅರ್ಧ ಕಾಕಡು ಮಾತ್ರ.

ದಾರಿ

ಡಾರ್ವಿನ್ ನಗರದಿಂದ ಪೂರ್ವಕ್ಕೆ ಸುಮಾರು 250 ಕಿ.ಮೀ. ದೂರದಲ್ಲಿ ಜಬಿರು ಇದೆ. ಬೆಂಗಳೂರಿನಿಂದ ಹೊರಡುವವರಿಗೆ ಸಿಂಗಪುರದ ಮೂಲಕ ಡಾರ್ವಿನ್ ತಲುಪುವುದು ಅನುಕೂಲ. ಸಿಂಗಪುರದಿಂದ ಡಾರ್ವಿನ್‌ಗೆ ವಿಮಾನದಲ್ಲಿ ನಾಲ್ಕೂವರೆ ಗಂಟೆ. ಸಿಡ್ನಿಯಿಂದ ಡಾರ್ವಿನ್‌ಗೂ ಹೆಚ್ಚುಕಡಿಮೆ ಅಷ್ಟೇ. ಡಾರ್ವಿನ್‌ಗೆ ಸ್ವಂತ ದೇಶದ ದೊಡ್ಡ ನಗರಗಳಿಗಿಂತ ಇಂಡೋನೇಷ್ಯಾ ಹತ್ತಿರ ಎನ್ನುವುದು ಭೂಪಟ ಬಿಚ್ಚಿದರೆ ತಿಳಿಯುತ್ತದೆ.

ಡಾರ್ವಿನ್ ಬಿಟ್ಟು ಸ್ಟುವರ್ಟ್ ಹೈವೇಯಲ್ಲಿ ಸ್ವಲ್ಪ ದೂರ ದಕ್ಷಿಣಕ್ಕೆ ಹೋಗಿ ಎಡಕ್ಕೆ ತಿರುಗಿದರೆ ಆರ್ನೆಮ್ ಹೈವೇ. ಜಬಿರುವರೆಗೂ ಡಾಂಬರು ರಸ್ತೆ, ಮೂರು ಗಂಟೆಯ ಪ್ರಯಾಣ. ಅಡಿಲೇಡ್ ನದಿ, ಮೇರಿ ನದಿ, ಆಮೇಲೆ ಸೌತ್ ಅಲಿಗೇಟರ್ ನದಿ ಹೀಗೆ ಒಂದೊಂದೇ ಸೇತುವೆ ದಾಟಬೇಕು. ಅಲಿಗೇಟರ್ ಎಂಬ ಹೆಸರಿದ್ದರೂ ಈ ನದಿಗಳಲ್ಲಿ ಅಲಿಗೇಟರ್ ಇಲ್ಲ, ಇರುವುದೆಲ್ಲ ಮೊಸಳೆ. 1818ರಿಂದ ಈ ಕರಾವಳಿಯ ನಕ್ಷೆ ತಯಾರಿಸುತ್ತಿದ್ದ ಬ್ರಿಟಿಷ್ ನಾವಿಕ ಫಿಲಿಪ್ ಪಾರ್ಕರ್ ಕಿಂಗ್ ಗುರುತು ತಪ್ಪಿ ಇಟ್ಟ ಹೆಸರು ಹಾಗೇ ಉಳಿದಿದೆ.

ರಸ್ತೆಯ ಇಕ್ಕೆಲದಲ್ಲಿ ನೀಲಗಿರಿ ಜಾತಿಯ ಕುರುಚಲು ಕಾಡು, ಆಳೆತ್ತರದ ಹುಲ್ಲು, ಮಧ್ಯೆ ಮಧ್ಯೆ ಗೋಪುರದಂತೆ ಎದ್ದ ಹುತ್ತಗಳು. ಕೆಲವು ಐದು ಮೀಟರ್ ದಾಟುತ್ತವೆ. ಆ ಹುಲ್ಲಿನಲ್ಲಿ ಒಂದು ಬಗೆ ನಮ್ಮ ಜೋಳದ ಹತ್ತಿರದ ನಂಟ. ಮಳೆ ಬಿದ್ದ ಮೇಲೆ ಎರಡು ಮೀಟರ್‌ಗೂ ಮೇಲೆ ಬೆಳೆದು ನಿಲ್ಲುತ್ತದೆ. ವಾಹನ ಎಡಗಡೆಯೇ ಓಡುವುದರಿಂದ ನಮ್ಮವರಿಗೆ ಓಡಿಸುವುದು ಕಷ್ಟವಲ್ಲ. ಎಚ್ಚರ ಬೇಕಾದದ್ದು ರೋಡ್ ಟ್ರೇನುಗಳ ವಿಷಯದಲ್ಲಿ. ಒಂದು ಎಂಜಿನ್ನಿಗೆ ಮೂರು ನಾಲ್ಕು ಟ್ರೇಲರ್ ಕಟ್ಟಿಕೊಂಡು ಬರುವ ಈ ಲಾರಿಗಳು 53 ಮೀಟರ್‌ವರೆಗೂ ಉದ್ದ ಇರುತ್ತವೆ. ಹಿಂದಿಕ್ಕಲು ಹೊರಟರೆ ಎದುರಿನ ರಸ್ತೆ ಒಂದು ಕಿಲೋಮೀಟರ್ ಖಾಲಿ ಕಾಣಬೇಕು. ಇಲ್ಲವಾದರೆ ಹಿಂದೆಯೇ ಸಾಗುವುದು ಕ್ಷೇಮ.

ಯುರೇನಿಯಂ ಕಟ್ಟಿದ ಊರು

ರೇಂಜರ್ ಎಂದು ಹೆಸರಿಟ್ಟ ಯುರೇನಿಯಂ ನಿಕ್ಷೇಪ ಪತ್ತೆಯಾದದ್ದು 1969ರಲ್ಲಿ. ಅದೇ ಕಾಲಕ್ಕೆ ಈ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನ ಮಾಡಬೇಕೆಂಬ ಒತ್ತಾಯವೂ, ನೆಲ ತಮ್ಮದೆಂಬ ಮೂಲನಿವಾಸಿಗಳ ಹಕ್ಕೊತ್ತಾಯವೂ ಎದ್ದವು. ಮೂರನ್ನೂ ತೂಗಿ ನೋಡಲು ನ್ಯಾಯಮೂರ್ತಿ ರಸೆಲ್ ಫಾಕ್ಸ್ ನೇತೃತ್ವದಲ್ಲಿ ವಿಚಾರಣಾ ಆಯೋಗ ಕುಳಿತು 1977ರಲ್ಲಿ ಕೊನೆಯ ವರದಿ ಕೊಟ್ಟಿತು. ಸಾರಾಂಶ ಇಷ್ಟು: ಗಣಿಯೂ ಆಗಲಿ, ಉದ್ಯಾನವೂ ಆಗಲಿ, ಮೂಲನಿವಾಸಿಗಳಿಗೆ ನೆಲದ ಹಕ್ಕೂ ಸಿಗಲಿ. ಎಲ್ಲರಿಗೂ ಒಂದೊಂದು ತುತ್ತು ಕೊಟ್ಟಂತೆ ಕಾಣುವ ಈ ತೀರ್ಮಾನದಲ್ಲಿ ಒಂದು ಮುಳ್ಳಿತ್ತು. ನೆಲದ ಒಡೆಯರಾದ ಮಿರಾರ್ ಜನ ಗಣಿ ಬೇಡವೆನ್ನುತ್ತಾರೆ ಎಂಬುದನ್ನು ಆಯೋಗ ಬರೆದುಕೊಂಡಿತು, ಆದರೆ ಅದಕ್ಕೆ ಮನ್ನಣೆ ಕೊಡಬಾರದೆಂದೂ ಬರೆಯಿತು. 1976ರ ಮೂಲನಿವಾಸಿ ಭೂಹಕ್ಕು ಕಾಯ್ದೆ ಗಣಿಯನ್ನು ತಡೆಯುವ ಅಧಿಕಾರವನ್ನು ನೆಲದ ಒಡೆಯರಿಗೆ ಕೊಟ್ಟಿತಾದರೂ ರೇಂಜರ್ ಗಣಿಯನ್ನು ಮಾತ್ರ ಅದರಿಂದ ಹೊರಗಿಟ್ಟಿತು.

1979ರಲ್ಲಿ ಕಾಕಡು ಉದ್ಯಾನದ ಮೊದಲ ಭಾಗ ಘೋಷಣೆಯಾಯಿತು. 1981ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ಅದೂ ನಿಸರ್ಗ ಮತ್ತು ಸಂಸ್ಕೃತಿ ಎರಡೂ ಕಾರಣಕ್ಕೆ. ಹೆಚ್ಚುಕಡಿಮೆ ಆಗಲೇ ರೇಂಜರ್ ಗಣಿಯಲ್ಲಿ ಉತ್ಪಾದನೆ ಶುರುವಾಯಿತು. ಉದ್ಯಾನದ ನಡುವೆ ಗಣಿಯ ಜಾಗವನ್ನಷ್ಟೇ ಕತ್ತರಿಸಿ ಬೇರೆ ಇಡಲಾಗಿತ್ತು. ಅಲ್ಲಿಂದ ಎಂಟು ಕಿ.ಮೀ. ದೂರದಲ್ಲಿ ಕೆಲಸಗಾರರ ಮನೆ, ಶಾಲೆ, ಆಸ್ಪತ್ರೆ, ಈಜುಕೊಳ, ಒಂದು ಕೃತಕ ಕೆರೆ ಇವೆಲ್ಲ ಸೇರಿ ಜಬಿರು ಆಯಿತು. ಊರಿನ ಜಾಗಕ್ಕೆ 40 ವರ್ಷದ ಗುತ್ತಿಗೆ.

ಆ 40 ವರ್ಷಗಳಲ್ಲಿ ರೇಂಜರ್‌ನಿಂದ 1,30,000 ಟನ್ನಿಗೂ ಹೆಚ್ಚು ಯುರೇನಿಯಂ ಆಕ್ಸೈಡ್ ಹೊರಬಿತ್ತು. ಅದಿರು ಅಗೆಯುವುದು 2012ರಲ್ಲಿ ನಿಂತಿತು. ರಾಶಿ ಹಾಕಿದ್ದನ್ನು ಸಂಸ್ಕರಿಸುವ ಕೆಲಸ 2021ರ ಜನವರಿ 8ರಂದು ಮುಗಿಯಿತು. ನಡುವೆ 2013ರಲ್ಲಿ ಆಮ್ಲ ಬೆರೆತ ಅದಿರಿನ ರಾಡಿ ತುಂಬಿದ್ದ ದೊಡ್ಡ ಟ್ಯಾಂಕೊಂದು ಒಡೆದು ಸುದ್ದಿಯಾಗಿತ್ತು. ಈಗ ನಡೆಯುತ್ತಿರುವುದು ನೆಲವನ್ನು ಸರಿಪಡಿಸುವ ಕೆಲಸ. ಇದಕ್ಕೆ 200 ಕೋಟಿ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು ಬೇಕೆಂಬ ಅಂದಾಜಿದೆ. ಷರತ್ತು ಹೇಗಿದೆಯೆಂದರೆ, ಸಂಸ್ಕರಣೆಯಲ್ಲಿ ಉಳಿದ ಗಸಿಯನ್ನು ಹೊಂಡಕ್ಕೆ ತುಂಬಿ ಮುಚ್ಚಿದ ಮೇಲೆ ಅದು ಹತ್ತು ಸಾವಿರ ವರ್ಷ ಹೊರಗಿನ ಪರಿಸರಕ್ಕೆ ಸೋರಬಾರದು. ನಲವತ್ತು ವರ್ಷದ ಲಾಭಕ್ಕೆ ಹತ್ತು ಸಾವಿರ ವರ್ಷದ ಕಾವಲು. ಯಾದಗಿರಿಯ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಸಿಕ್ಕ ರಾಜ್ಯದವರಾದ ನಾವು ಈ ಲೆಕ್ಕವನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಮಿರಾರ್ ಜನ

ಕಾಕಡುವಿನ ಉತ್ತರ ಭಾಗದ ಮೂಲನಿವಾಸಿಗಳು ತಮ್ಮನ್ನು ಬಿನಿಂಜ್ ಎಂದು ಕರೆದುಕೊಳ್ಳುತ್ತಾರೆ, ದಕ್ಷಿಣದವರು ಮುಂಗುಯ್ ಎಂದು. ಅವರೊಳಗೆ ಹಲವು ಕುಲಗಳು, ಪ್ರತಿ ಕುಲಕ್ಕೂ ತನ್ನದೇ ನೆಲ. ಜಬಿರು, ರೇಂಜರ್ ಮತ್ತು ಅದರ ಉತ್ತರಕ್ಕಿರುವ ಜಬಿಲುಕಾ ನಿಕ್ಷೇಪ ಇಷ್ಟೂ ಮಿರಾರ್ ಕುಲದ ನೆಲ.

ರೇಂಜರ್‌ನಲ್ಲಿ ಸೋತ ಮಿರಾರ್ ಜನ ಜಬಿಲುಕಾದಲ್ಲಿ ಸೋಲಲಿಲ್ಲ. 1998ರಲ್ಲಿ ಅಲ್ಲಿ ಎರಡನೆಯ ಗಣಿಯ ಸುರಂಗ ಕೊರೆಯಲು ಹೊರಟಾಗ ಕುಲದ ಹಿರಿಯಳು ಇವೊನ್ ಮಾರ್ಗರುಲಾ ಮತ್ತು ಜಾಕಿ ಕಟೋನಾ ಮುಂದಾಳತ್ವದಲ್ಲಿ ಎಂಟು ತಿಂಗಳ ಧರಣಿ ನಡೆಯಿತು. ದೇಶದ ಮೂಲೆಮೂಲೆಯಿಂದ ಸುಮಾರು ಐದು ಸಾವಿರ ಜನ ಈ ಕಾಡಿಗೆ ಬಂದು ಕುಳಿತರು. ಐನೂರಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. ಸ್ವಂತ ನೆಲದ ಮೇಲೆಯೇ ಅತಿಕ್ರಮ ಪ್ರವೇಶದ ಆರೋಪ ಮಾರ್ಗರುಲಾ ಮೇಲೆ ಬಿತ್ತು. ಇಬ್ಬರು ಮಹಿಳೆಯರಿಗೂ 1999ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. 2005ರ ಒಪ್ಪಂದದಲ್ಲಿ, ಮಿರಾರ್ ಜನ ಒಪ್ಪದೆ ಜಬಿಲುಕಾವನ್ನು ಅಗೆಯುವುದಿಲ್ಲ ಎಂದು ಗಣಿ ಕಂಪನಿ ಬರೆದುಕೊಟ್ಟಿತು. 2024ರ ಜುಲೈನಲ್ಲಿ ಸರ್ಕಾರ ಗಣಿ ಗುತ್ತಿಗೆ ನವೀಕರಿಸಲು ನಿರಾಕರಿಸಿ, ಆ ಜಾಗವನ್ನೂ ಕಾಕಡು ಉದ್ಯಾನಕ್ಕೆ ಸೇರಿಸುವ ಉದ್ದೇಶ ಪ್ರಕಟಿಸಿತು.

2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರ ಸಿಡಿದಾಗ ಮಾರ್ಗರುಲಾ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗೆ ಪತ್ರ ಬರೆದು, ತಮ್ಮ ನೆಲದಿಂದ ಹೋದ ಯುರೇನಿಯಂ ಆ ಸ್ಥಾವರ ನಡೆಸುತ್ತಿದ್ದ ಕಂಪನಿಗೂ ಪೂರೈಕೆಯಾಗಿರುವುದಕ್ಕೆ ದುಃಖ ತೋಡಿಕೊಂಡರು. ಗಣಿ ಬೇಡವೆಂದು ಆರಂಭದಿಂದ ಹೇಳಿದವರೇ ಕೊನೆಗೆ ವಿಷಾದವನ್ನೂ ಹೇಳಬೇಕಾಯಿತು.

ಇದೇ ಸಾಲಿನಲ್ಲಿ ನೆನೆಯಬೇಕಾದ ಇನ್ನೊಬ್ಬರು ಜೆಫ್ರಿ ಲೀ. ಕೂಂಗಾರಾ ಎಂಬ ಮತ್ತೊಂದು ಯುರೇನಿಯಂ ಜಾಗ ಜೋಕ್ ಕುಲದ್ದು. ಆ ಕುಲದ ಹಿರಿಯರಾದ ಲೀ ಗಣಿಗೆ ಒಪ್ಪಿದ್ದರೆ ಕೋಟಿಗಟ್ಟಲೆ ಹಣ ಕೈಸೇರುತ್ತಿತ್ತು. ಒಪ್ಪಲಿಲ್ಲ. ಉದ್ಯಾನದಲ್ಲಿ ರೇಂಜರ್ ಆಗಿ ದುಡಿಯುತ್ತಿದ್ದ ಅವರು ಯುನೆಸ್ಕೊ ಸಭೆಗೂ ಹೋಗಿ ಬಂದರು. ಕೂಂಗಾರಾ 2011ರಲ್ಲಿ ವಿಶ್ವ ಪರಂಪರೆಯ ಪ್ರದೇಶಕ್ಕೂ 2013ರಲ್ಲಿ ರಾಷ್ಟ್ರೀಯ ಉದ್ಯಾನಕ್ಕೂ ಸೇರಿತು.

ಈಗಿನ ಜಬಿರು

2021ರ ಜೂನ್ ಕೊನೆಗೆ 40 ವರ್ಷದ ಗುತ್ತಿಗೆ ಮುಗಿಯಿತು. ಕರಾರಿನ ಪ್ರಕಾರ ಮನೆಗಳೆಲ್ಲ ನೆಲಸಮ ಆಗಬೇಕಿತ್ತು. ಆದರೆ ಊರನ್ನು ಉಳಿಸಿ ತಮಗೇ ಕೊಡಿ ಎಂದು ಮಿರಾರ್ ಜನ ಕೇಳಿದ್ದರು. ಸರ್ಕಾರ ಕಾನೂನು ತಿದ್ದಿತು, ಊರಿನ ನೆಲ ಅವರ ಹೆಸರಿಗೆ ಬಂತು, ಊರ ಆಡಳಿತಕ್ಕೆ ಅವರದೇ ಸಂಸ್ಥೆ ಹುಟ್ಟಿತು. ಗಣಿಯ ಡೀಸೆಲ್ ಸ್ಥಾವರದಿಂದ ಬರುತ್ತಿದ್ದ ವಿದ್ಯುತ್ತಿಗೆ ಬದಲಾಗಿ 2022ರಿಂದ ಸೌರಫಲಕ, ಬ್ಯಾಟರಿ, ಡೀಸೆಲ್ ಮೂರೂ ಸೇರಿದ ಹೊಸ ಸ್ಥಾವರ ಊರಿಗೆ ಬೆಳಕು ಕೊಡುತ್ತಿದೆ. ಅರ್ಧದಷ್ಟು ವಿದ್ಯುತ್ತು ಸೂರ್ಯನದು.

ಹೊಸಬರಿಗೆ ಊರು ನೋಡಲು ಸಪ್ಪೆ ಎನ್ನಿಸಬಹುದು. ಕಂಪನಿ ಕಾಲೋನಿಗಳ ಅದೇ ಅಚ್ಚಿನ ತಗ್ಗು ಮನೆಗಳು, ಅಗಲ ಬೀದಿ, ಒಂದು ಪ್ಲಾಜಾ. ಪ್ಲಾಜಾದಲ್ಲಿ ಸೂಪರ್ ಮಾರ್ಕೆಟ್, ಅಂಚೆ ಕಚೇರಿ. ಹತ್ತಿರದಲ್ಲೇ ಬೇಕರಿ, ಆರೋಗ್ಯ ಕೇಂದ್ರ, ಪೆಟ್ರೋಲ್ ಬಂಕು. ಕೆರೆ ಚೆಂದವಿದೆ, ಇಳಿಯುವಂತಿಲ್ಲ. ಮೊಸಳೆ ಎಚ್ಚರಿಕೆಯ ಫಲಕ ಅಲ್ಲೂ ಇದೆ. ಈಜುವ ಆಸೆಯಿದ್ದರೆ ಊರಿನ ಈಜುಕೊಳವೇ ಗತಿ. ಮಿರಾರ್ ಸಂಸ್ಥೆ ನಡೆಸುವ ಮರವುಡಿ ಕಲಾಕೇಂದ್ರಕ್ಕೆ ತಪ್ಪದೆ ಹೋಗಬೇಕು. ಮರದ ತೊಗಟೆಯ ಮೇಲೆ ಬಿಡಿಸಿದ ಚಿತ್ರಗಳು, ನಮ್ಮ ಕೇದಗೆಯ ಬಳಗಕ್ಕೇ ಸೇರಿದ ಪಾಂಡನಸ್ ಗರಿಯ ಬುಟ್ಟಿ, ಚಾಪೆಗಳು ಸಿಗುತ್ತವೆ. ಗರಿಗೆ ಹಚ್ಚುವ ಬಣ್ಣ ಬೇರು, ಹಣ್ಣು, ಎಲೆಗಳಿಂದ ತೆಗೆದದ್ದು. ಬೆಲೆ ಹೆಚ್ಚೆನ್ನಿಸಬಹುದು, ಆದರೆ ಡಾರ್ವಿನ್‌ನ ಅಂಗಡಿಗಳಲ್ಲಿ ಸಿಗುವ ಅಗ್ಗದ ನಕಲಿಗೆ ಕೊಡುವ ಹಣದಂತಲ್ಲ, ಇಲ್ಲಿ ಕೊಟ್ಟ ಹಣ ಸೇರಬೇಕಾದ ಕೈ ಸೇರುತ್ತದೆ.

ಊರಿನ ಹೆಸರುವಾಸಿ ಕಟ್ಟಡ 1988ರಲ್ಲಿ ತೆರೆದ ಮೊಸಳೆ ಹೋಟೆಲ್. ಇಡೀ ಕಟ್ಟಡ ಮೊಸಳೆಯ ಆಕಾರದಲ್ಲಿದೆ: ಬಾಯಿಂದ ಒಳಗೆ ಹೋಗುವುದು, ಕೋಣೆಗಳೆಲ್ಲ ಹೊಟ್ಟೆಯ ಎರಡು ಮಗ್ಗುಲಿಗೆ. ತಮಾಷೆಯೆಂದರೆ ನೆಲದ ಮೇಲೆ ನಿಂತವರಿಗೆ ಮೊಸಳೆ ಕಾಣದು. ಪೂರ್ತಿ ಆಕಾರ ಕಾಣುವುದು ಜಬಿರು ವಿಮಾನಪಟ್ಟಿಯಿಂದ ಹೊರಡುವ ಸಣ್ಣ ವಿಮಾನದಲ್ಲಿ ಕುಳಿತಾಗ ಮಾತ್ರ.

ಆರು ಋತು

ನಮ್ಮಂತೆ ಬಿನಿಂಜ್ ಜನರಿಗೂ ಋತುಗಳು ಆರು. ಆದರೆ ಲೆಕ್ಕ ಪಂಚಾಂಗದ್ದಲ್ಲ. ನಮ್ಮ ರೈತರ ಮಳೆ ನಕ್ಷತ್ರಗಳಿಗೆ ದಿನಾಂಕ ಗೊತ್ತಾಗಿರುತ್ತದೆ; ಬಿನಿಂಜ್ ಋತು ಬದಲಾಗುವುದು ಯಾವುದೋ ಮರ ಹೂ ಬಿಟ್ಟಾಗ, ಗಾಳಿ ದಿಕ್ಕು ತಿರುಗಿದಾಗ, ಹಕ್ಕಿ ಮರಳಿದಾಗ. ಹಾಗಾಗಿ ಕೆಳಗೆ ಹೇಳುವ ತಿಂಗಳುಗಳು ಅಂದಾಜಿಗೆ ಮಾತ್ರ.

ಜನವರಿಯಿಂದ ಮಾರ್ಚ್ ಗುಡ್ಜೆವ್ಗ್, ಅಂದರೆ ಹಿಡಿದ ಮಳೆಯ ಕಾಲ. ತಗ್ಗು ಬಯಲೆಲ್ಲ ಒಂದೇ ನೀರಾಗುತ್ತದೆ, ಮ್ಯಾಗ್‌ಪೈ ಬಾತುಗಳು ಜೊಂಡಿನಲ್ಲಿ ಗೂಡು ಕಟ್ಟುತ್ತವೆ, ಜನ ಮೊಟ್ಟೆ ಹುಡುಕುತ್ತಾರೆ. ಏಪ್ರಿಲ್ ಬಂಗ್ಗೆರೆಂಗ್. ಈ ತಿಂಗಳ ಕೊನೆಯ ಬಿರುಗಾಳಿಗಳು ಎರಡಾಳೆತ್ತರದ ಹುಲ್ಲನ್ನು ಮಲಗಿಸಿಬಿಡುತ್ತವೆ. ಮೇ, ಜೂನ್ ತಿಂಗಳ ಯೆಗ್ಗೆಯಲ್ಲಿ ಬೆಳಗಿನ ಮಂಜು, ನೀರ ತುಂಬ ನೈದಿಲೆ. ಜೂನ್ ನಡುವಿನಿಂದ ಆಗಸ್ಟ್ ನಡುವಿನವರೆಗೆ ವುರ್ಗೆಂಗ್, ಇಲ್ಲಿನ ಚಳಿಗಾಲ. ರಾತ್ರಿ 17 ಡಿಗ್ರಿ, ಹಗಲು 30. ಚಳಿಯೆಂದು ಅವರು ಹೇಳುವುದಕ್ಕೆ ಬೆಂಗಳೂರಿನವರು ನಗಬಹುದು. ಆಮೇಲೆ ಅಕ್ಟೋಬರ್‌ವರೆಗೆ ಸುಡುವ ಗುರ್ರುಂಗ್, ಅದರ ಹಿಂದೆಯೇ ಬೆವರು ಇಳಿಸುವ ಗುನುಮೆಲೆಂಗ್. ಮೋಡ ಕಟ್ಟುತ್ತದೆ, ಗುಡುಗುತ್ತದೆ, ವಾರಗಟ್ಟಲೆ ಸುರಿಯದೆ ಸತಾಯಿಸುತ್ತದೆ.

ಯೆಗ್ಗೆ ಕಾಲದಲ್ಲಿ ಉದ್ಯಾನದಲ್ಲಿ ಹೊಗೆ ಕಂಡು ಕಾಳ್ಗಿಚ್ಚೆಂದು ಗಾಬರಿಯಾಗಬೇಕಿಲ್ಲ. ನೀಲಗಿರಿ ಬಳಗದ ಒಂದು ಮರ ಕಿತ್ತಳೆ ಬಣ್ಣದ ಹೂ ಬಿಟ್ಟಿತೆಂದರೆ ಹುಲ್ಲಿಗೆ ಬೆಂಕಿ ಇಡುವ ಕಾಲ ಬಂತೆಂದು ಅರ್ಥ. ನೆಲ ಇನ್ನೂ ಹಸಿ ಇರುವಾಗ ತುಂಡುತುಂಡಾಗಿ ಸುಟ್ಟರೆ ಸಂಜೆಯ ಇಬ್ಬನಿಗೆ ಬೆಂಕಿ ತಾನೇ ಆರುತ್ತದೆ, ಮುಂದೆ ಬೇಸಿಗೆಯಲ್ಲಿ ದೊಡ್ಡ ಕಿಚ್ಚು ಹಬ್ಬಲು ಉರುವಲು ಇರುವುದಿಲ್ಲ. ಸಾವಿರಾರು ವರ್ಷ ಕಾಲ್ನಡಿಗೆಯಲ್ಲಿ ನಡೆದ ಈ ಕೆಲಸವನ್ನು ಇಂದು ಉದ್ಯಾನದ ಸಿಬ್ಬಂದಿ ಹೆಲಿಕಾಪ್ಟರಿನಿಂದಲೂ ಮಾಡುತ್ತಾರೆ. ಬೆಂಕಿಯ ಅಂಚಿನಲ್ಲಿ ಹದ್ದುಗಳು ಸುತ್ತುತ್ತಿರುತ್ತವೆ. ನಮ್ಮ ಊರುಗಳ ಮೇಲೆ ಹಾರಾಡುವ ಕರಿಹದ್ದಿನದೇ ಜಾತಿ. ಹೊಗೆಗೆ ಹೆದರಿ ಹೊರಬೀಳುವ ಮಿಡತೆ, ಹಲ್ಲಿಗಳು ಅವುಗಳ ಗುರಿ. ಈ ಹದ್ದುಗಳು ಉರಿವ ಕಡ್ಡಿಯನ್ನು ಎತ್ತಿಕೊಂಡು ಹೋಗಿ ಹೊಸ ಜಾಗಕ್ಕೆ ಬೆಂಕಿ ಹಚ್ಚುತ್ತವೆ ಎಂಬ ಮೂಲನಿವಾಸಿಗಳ ಹಳೆಯ ಮಾತನ್ನು 2017ರಲ್ಲಿ ಸಂಶೋಧಕರು ಕಣ್ಣಾರೆ ಕಂಡವರ ಸಾಕ್ಷ್ಯ ಸೇರಿಸಿ ಪ್ರಕಟಿಸಿದರು.

ಬಂಡೆಯ ಮೇಲಿನ ದಾಖಲೆ

ಕಾಕಡುವಿನ ವಿಸ್ತಾರ ಸುಮಾರು 19,800 ಚದರ ಕಿ.ಮೀ. ನಮ್ಮ ಉತ್ತರ ಕನ್ನಡ, ಶಿವಮೊಗ್ಗ ಎರಡೂ ಜಿಲ್ಲೆ ಸೇರಿಸಿದರೂ ಇಷ್ಟಾಗದು. ಪೂರ್ವದ ಅಂಚಿಗೆ ಮರಳುಗಲ್ಲಿನ ಕಡಿದಾದ ಪ್ರಸ್ಥಭೂಮಿ. ಆ ಬಂಡೆಗಳ ಚಾಚಿನ ಕೆಳಗೆ ಸಾವಿರಾರು ಕಡೆ ಚಿತ್ರಗಳಿವೆ. ಪ್ರವಾಸಿಗಳಿಗೆ ತೆರೆದಿರುವುದರಲ್ಲಿ ಮುಖ್ಯವಾದವು ಎರಡು: ಜಬಿರುವಿನಿಂದ ಉತ್ತರಕ್ಕೆ 40 ಕಿ.ಮೀ. ದೂರದ ಉಬಿರ್, ದಕ್ಷಿಣಕ್ಕಿರುವ ಬುರುಂಗ್ಕುಯ್. ಎರಡನೆಯದನ್ನು ಹಳೆಯ ನಕ್ಷೆಗಳು ನೂರ್ಲಾಂಜಿ ಎನ್ನುತ್ತವೆ.

ಉಬಿರ್‌ನ ಮುಖ್ಯ ಗೋಡೆಯಲ್ಲಿ ಬರಾಮುಂಡಿ ಮೀನು, ಆಮೆ, ಗೋವಾನಾ ಹಲ್ಲಿಗಳ ಸಾಲು. ಮೈಯೊಳಗಿನ ಬೆನ್ನೆಲುಬು, ಕರುಳು, ಕೊಬ್ಬಿನ ಗಂಟು ಎಲ್ಲ ಕಾಣುವಂತೆ ಬಿಡಿಸಿರುವುದರಿಂದ ಇದಕ್ಕೆ ಎಕ್ಸ್‌ರೇ ಶೈಲಿ ಎಂದು ಹೆಸರು. ಯಾವ ಭಾಗ ತಿನ್ನಬಹುದು, ಹೇಗೆ ಕೊಯ್ಯಬೇಕು ಎಂಬ ಪಾಠವೂ ಅದರಲ್ಲಿದೆ. ಅದೇ ಗೋಡೆಯ ಮೇಲೆ ಜೇಬಿನಲ್ಲಿ ಕೈ ಇಟ್ಟು ನಿಂತ ಬಿಳಿಯನೊಬ್ಬನಿದ್ದಾನೆ. ಕಾಡೆಮ್ಮೆ ಬೇಟೆಗೆ ಬಂದವರ ಕಾಲದ ಚಿತ್ರ. ಕೆಲಸವಿಲ್ಲದೆ ನಿಂತ ಭಂಗಿಯನ್ನು ಚಿತ್ರಕಾರ ಎಷ್ಟು ಚೆನ್ನಾಗಿ ಹಿಡಿದಿದ್ದಾನೆಂದರೆ ನಗು ಬರುತ್ತದೆ. ಸ್ವಲ್ಪ ಆಚೆ, ಎತ್ತರದ ಚಾಚಿನ ಮೇಲೆ ಮೈಮೇಲೆ ಪಟ್ಟೆಯಿರುವ ಥೈಲಸೀನ್ ಎಂಬ ಪ್ರಾಣಿ. ಆಸ್ಟ್ರೇಲಿಯಾದ ಮುಖ್ಯ ಭೂಮಿಯಿಂದ ಅದು ಮರೆಯಾಗಿ ಎರಡು ಸಾವಿರ ವರ್ಷಕ್ಕೂ ಮೇಲಾಯಿತು. ಅಂದರೆ ಬರೆದವರು ಅದನ್ನು ಕಂಡಿದ್ದರು.

ಕೀಲುಗಳು ಊದಿಕೊಂಡ ಮನುಷ್ಯಾಕೃತಿಯೂ ಇಲ್ಲಿದೆ. ಒಂದು ಪವಿತ್ರ ಜಾಗದ ಕಲ್ಲುಗಳನ್ನು ಕದಲಿಸಿದರೆ ಹೀಗಾಗುತ್ತದೆ ಎಂಬ ಎಚ್ಚರಿಕೆಯ ಚಿತ್ರವದು. ಕಾಕಡುವಿನ ದಕ್ಷಿಣದ ಜಾವೊಯ್ನ್ ಜನರಲ್ಲೂ ಮುಟ್ಟಬಾರದ ರೋಗದ ಸೀಮೆಯ ಕಲ್ಪನೆ ಬಲವಾಗಿದೆ, ಆ ಸೀಮೆಯ ಕೆಲವು ಕಡೆ ಯುರೇನಿಯಂ ನಿಜಕ್ಕೂ ಇದೆ. ಇದನ್ನು ಪ್ರಾಚೀನರ ಅಣುವಿಜ್ಞಾನವೆಂದು ಉಬ್ಬಿಸಬೇಕಿಲ್ಲ, ಕಾಕತಾಳೀಯವೆಂದು ತಳ್ಳಿಹಾಕುವುದೂ ಅವಸರವಾದೀತು.

ಬುರುಂಗ್ಕುಯ್‌ನಲ್ಲಿ ನೋಡಬೇಕಾದವನು ಮಿಂಚಿನ ದೇವತೆ ನಮರ್ಗೊನ್. ಬಿಳಿಯ ತೆಳ್ಳನೆ ಮೈ, ಕಾಲಿನಿಂದ ತಲೆಯ ಮೇಲಾಗಿ ಇನ್ನೊಂದು ಬದಿಗೆ ಬಿಲ್ಲಿನಂತೆ ಬಾಗಿದ ಮಿಂಚಿನ ಗೆರೆ, ಮೊಣಕಾಲು ಮೊಣಕೈಗಳಿಗೆ ಸಿಕ್ಕಿಸಿದ ಕಲ್ಲಿನ ಕೊಡಲಿಗಳು. ಆ ಕೊಡಲಿಗಳನ್ನು ಮೋಡಕ್ಕೆ ಬಡಿದಾಗ ಗುಡುಗು. ಗುನುಮೆಲೆಂಗ್ ಹೊತ್ತಿಗೆ ಬಂಡೆಯ ಸೀಮೆಯಲ್ಲಿ ಕಿತ್ತಳೆ, ನೀಲಿ ಬಣ್ಣದ ಒಂದು ಮಿಡತೆ ಕಾಣಿಸಿಕೊಳ್ಳುತ್ತದೆ. ಅವು ನಮರ್ಗೊನ್‌ನ ಮಕ್ಕಳು, ಅಪ್ಪನನ್ನು ಕರೆಯಲು ಬಂದವು. ಈ ಚಿತ್ರವನ್ನು ಈಗಿನ ರೂಪದಲ್ಲಿ ಬರೆದದ್ದು 1960ರ ದಶಕದಲ್ಲಿ, ನಜೊಂಬೊಲ್ಮಿ ಎಂಬ ಹೆಸರಾಂತ ಕಲಾವಿದ. ಹಳೆಯದರ ಮೇಲೆ ಹೊಸದಾಗಿ ಬರೆಯುವುದು ಇಲ್ಲಿ ತಪ್ಪಲ್ಲ, ಅದೇ ವಾಡಿಕೆ.

ಎಷ್ಟು ಹಳೆಯದು ಈ ಬದುಕು? ಮಿರಾರ್ ನೆಲದ ಮಜೆದ್ಬೆಬೆ ಎಂಬ ಬಂಡೆಯಾಸರೆಯಲ್ಲಿ ಅಗೆದವರು 2017ರಲ್ಲಿ ಪ್ರಕಟಿಸಿದ ಲೆಕ್ಕ 65,000 ವರ್ಷ. ಅಂಚು ಉಜ್ಜಿ ಹರಿತಗೊಳಿಸಿದ ಕಲ್ಲಿನ ಕೊಡಲಿ, ಅರೆಯುವ ಕಲ್ಲು, ಕೆಮ್ಮಣ್ಣಿನ ಬಣ್ಣ ಅಲ್ಲಿ ಸಿಕ್ಕವು. ಅಷ್ಟು ಹಿಂದಕ್ಕೆ ಹೋಗದು ಎನ್ನುವ ಪುರಾತತ್ವಜ್ಞರೂ ಇದ್ದಾರೆ. ಅವರ ಲೆಕ್ಕವೂ ಹತ್ತಿರಹತ್ತಿರ 50,000. ಈ ಬಂಡೆಯಾಸರೆ ಇದ್ದದ್ದು ಜಬಿಲುಕಾ ಗಣಿ ಗುತ್ತಿಗೆಯ ಎಲ್ಲೆಯೊಳಗೆ.

ನೀರು, ತಾವರೆ, ಎಮ್ಮೆ

ಜಬಿರುವಿನಿಂದ ಸುಮಾರು 55 ಕಿ.ಮೀ. ದಕ್ಷಿಣಕ್ಕೆ ಕೂಯಿಂಡಾ, ಅಲ್ಲಿ ಯೆಲ್ಲೊ ವಾಟರ್ ಎಂಬ ವಿಶಾಲ ಕೊಳ. ಸೂರ್ಯೋದಯದ ದೋಣಿಯಾನಕ್ಕೆ ಮೊದಲೇ ಕಾಯ್ದಿರಿಸಬೇಕು. ಕಾಕಡುವಿನಲ್ಲಿ 280ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ, ಆಸ್ಟ್ರೇಲಿಯಾದ ಹಕ್ಕಿ ಜಾತಿಗಳಲ್ಲಿ ಮೂರನೇ ಒಂದರಷ್ಟು. ನಮ್ಮವರಿಗೆ ಇಲ್ಲಿ ಗುರುತಿನ ಮುಖಗಳು ಬಹಳ. ತಾವರೆ ನಮ್ಮದೇ ತಾವರೆ. ಬಿನಿಂಜ್ ಜನ ಅದರ ಬೀಜ, ದಂಟು ತಿನ್ನುತ್ತಾರೆ. ಕರಾವಳಿಯಲ್ಲಿ ಕಾಣುವ ಬಿಳಿಹೊಟ್ಟೆಯ ಕಡಲ ಹದ್ದು ಅಲ್ಲಿಯೂ ಅದೇ. ಊರಿಗೆ ಹೆಸರು ಕೊಟ್ಟ ಕರಿಕತ್ತಿನ ದೊಡ್ಡ ಕೊಕ್ಕರೆ ಭಾರತದಲ್ಲೂ ಅಪರೂಪಕ್ಕೆ ಕಾಣುತ್ತದೆ. ಜೀವಸತ್ವ ಸಿ ಹೇರಳವಾಗಿರುವ ಕಾಕಡು ಪ್ಲಮ್ ಎಂಬ ಕಾಯಿ ನಮ್ಮ ಅಳಲೆ, ತಾರೆ, ಮತ್ತಿ ಮರಗಳ ಕುಲದ್ದು.

ಎಮ್ಮೆಯ ಕಥೆ ಮಾತ್ರ ಬೇರೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬ್ರಿಟಿಷ್ ನೆಲೆಗಳಿಗೆ ಆಹಾರಕ್ಕಾಗಿ ಏಷ್ಯಾದಿಂದ ತಂದ ಎಮ್ಮೆಗಳು ನೆಲೆ ಮುಚ್ಚಿದ ಮೇಲೆ ಕಾಡು ಸೇರಿ ಬೆಳೆದವು. ಚರ್ಮಕ್ಕಾಗಿ ಬೇಟೆ ದೊಡ್ಡ ಕಸುಬಾಯಿತು. ಎಮ್ಮೆಗಳ ಗೊರಸು ಸಿಹಿನೀರಿನ ಕೊಳಗಳ ದಂಡೆ ಒಡೆದು ಉಪ್ಪುನೀರನ್ನು ಒಳಗೆ ಬಿಟ್ಟಿತು, ಪೇಪರ್‌ಬಾರ್ಕ್ ಮರಗಳು ನಿಂತಲ್ಲೇ ಸತ್ತವು. 1980ರ ದಶಕದಲ್ಲಿ ಕ್ಷಯ, ಬ್ರುಸೆಲ್ಲಾ ರೋಗ ನಿರ್ಮೂಲನೆಯ ಅಭಿಯಾನದಲ್ಲಿ ಭಾರಿ ಸಂಖ್ಯೆಯಲ್ಲಿ ಕೊಂದ ಮೇಲೆ ಕೊಳಗಳು ಚೇತರಿಸಿಕೊಂಡವು. ನಮ್ಮ ಕೊಟ್ಟಿಗೆಯ ಸಾಧು ಪ್ರಾಣಿ ಅಲ್ಲಿ ಪರಿಸರದ ಶತ್ರು.

ಮೊಸಳೆಯ ಮಾತು

ದಾಂಡೇಲಿಯ ಕಾಳಿ ನದಿಯಲ್ಲಿ ಕಾಣುವ ಜೌಗು ಮೊಸಳೆಯನ್ನು ನೋಡಿದವರು ಅದೇ ಅಳತೆಯಲ್ಲಿ ಕಾಕಡುವಿನ ಮೊಸಳೆಯನ್ನು ಅಳೆಯಬಾರದು. ಉಪ್ಪುನೀರಿನ ಮೊಸಳೆಯ ಗಂಡು ಐದು ಮೀಟರ್ ದಾಟುತ್ತದೆ, ಸಿಹಿನೀರಿನಲ್ಲೂ ಸಮುದ್ರದಿಂದ ಬಹುದೂರದವರೆಗೂ ಇರುತ್ತದೆ, ಮನುಷ್ಯನನ್ನು ಬೇಟೆಯೆಂದೇ ಎಣಿಸುತ್ತದೆ. 1971ರಲ್ಲಿ ಬೇಟೆ ನಿಷೇಧಿಸಿದಾಗ ನಾರ್ದರ್ನ್ ಟೆರಿಟರಿಯಲ್ಲಿ ಸುಮಾರು 3,000 ಉಳಿದಿದ್ದವು. ಇಂದು ಲಕ್ಷದ ಹತ್ತಿರ.

ಇವುಗಳನ್ನು ಸುರಕ್ಷಿತವಾಗಿ ನೋಡಲು ಒಳ್ಳೆಯ ಜಾಗ ಉಬಿರ್ ಬಳಿಯ ಕೇಹಿಲ್ಸ್ ಕ್ರಾಸಿಂಗ್. ಈಸ್ಟ್ ಅಲಿಗೇಟರ್ ನದಿಗೆ ಅಡ್ಡಲಾಗಿ ಹಾಕಿದ ಕಾಂಕ್ರೀಟ್ ದಾಟು. ಆಚೆ ದಡ ಆರ್ನೆಮ್ ಲ್ಯಾಂಡ್, ಅಲ್ಲಿ ಕಾಲಿಡಲು ಮೂಲನಿವಾಸಿಗಳ ಭೂಮಂಡಳಿಯ ಪರವಾನಗಿ ಬೇಕು. ಉಬ್ಬರದ ನೀರಿನೊಂದಿಗೆ ಮೀನುಗಳು ಮೇಲೇರುವ ಹೊತ್ತಿಗೆ ಮೊಸಳೆಗಳು ದಾಟಿನ ಅಂಚಿಗೆ ಸಾಲಾಗಿ ಬಾಯಿ ತೆರೆದು ನಿಲ್ಲುತ್ತವೆ. ಮೇಲಿನ ವೀಕ್ಷಣಾ ಕಟ್ಟೆಯಿಂದ ನೋಡಿ, ನೀರಿನ ಅಂಚಿಗೆ ಇಳಿಯಬೇಡಿ. ನಡೆದು ದಾಟಲು ಹೋಗಿ ಪ್ರಾಣ ಕಳೆದುಕೊಂಡವರಿದ್ದಾರೆ, ಕಾರು ಕೊಚ್ಚಿಹೋದ ಸುದ್ದಿ ಆಗಾಗ ಬರುತ್ತದೆ.

ಮಳೆಗಾಲ ಮುಗಿದ ಮೇಲೂ ಕಾಕಡುವಿನ ಜಿಮ್ ಜಿಮ್ ಜಲಪಾತ ತಕ್ಷಣ ತೆರೆಯದಿರಲು ಮೊಸಳೆಯೇ ಕಾರಣ. ನೆರೆಯೊಂದಿಗೆ ಮೊಸಳೆ ಮೇಲಕ್ಕೆ ಬಂದು ಮಡುವಿನಲ್ಲಿ ಉಳಿದಿರಬಹುದು. ಸಿಬ್ಬಂದಿ ಬೋನು ಇಡುತ್ತಾರೆ, ರಾತ್ರಿ ಟಾರ್ಚ್ ಹಾಕಿ ಕಣ್ಣಿನ ಹೊಳಪು ಹುಡುಕುತ್ತಾರೆ, ನೀರಿನ ಮೇಲೆ ಫೋಮಿನ ಬುಂಡೆಗಳನ್ನು ತೇಲಿಬಿಡುತ್ತಾರೆ. ಬುಂಡೆಯ ಮೇಲೆ ಹಲ್ಲಿನ ಗುರುತು ಬಿದ್ದರೆ ಒಳಗೆ ಯಾರೋ ಇದ್ದಾರೆ ಎಂದೇ ಅರ್ಥ.

ಹೋಗುವವರಿಗೆ

ರಸ್ತೆಗಳೆಲ್ಲ ತೆರೆದಿರುವುದು ಮೇ ಕೊನೆಯಿಂದ ಸೆಪ್ಟೆಂಬರ್. ಜಿಮ್ ಜಿಮ್‌ಗೆ ಸುಮಾರು 60 ಕಿ.ಮೀ. ಕಚ್ಚಾ ರಸ್ತೆ, ಕೊನೆಯ ಭಾಗಕ್ಕೆ ಫೋರ್ ವೀಲ್ ಡ್ರೈವ್ ಗಾಡಿಯೇ ಬೇಕು. ಬಾಡಿಗೆ ಕಾರಿನ ವಿಮೆ ಇಂಥ ರಸ್ತೆಗೆ ಅನ್ವಯಿಸುವುದೇ ಎಂದು ಸಹಿ ಹಾಕುವ ಮೊದಲು ಓದಿಕೊಳ್ಳಿ. ಮಳೆಗಾಲದಲ್ಲಿ ಮಗೇಲಾ ಹಳ್ಳ ಉಕ್ಕಿ ಉಬಿರ್ ರಸ್ತೆ ಕಡಿದುಹೋಗುತ್ತದೆ. ಆಗ ಬಂದವರಿಗೆ ಜಲಪಾತಗಳು ಸಿಗುವುದು ವಿಮಾನದಿಂದ ಮಾತ್ರ, ಆದರೆ ಅವು ಪೂರ್ತಿ ಮೈದುಂಬಿರುವುದೂ ಆಗಲೇ. ಎರಡರಲ್ಲೊಂದು ಆರಿಸಿ ಎಂದರೆ ನನ್ನ ಮತ ಜೂನ್ ತಿಂಗಳಿಗೆ: ಹುಲ್ಲಿನ್ನೂ ಹಸಿರು, ನೀರಿನ್ನೂ ಇದೆ, ಬಿಸಿಲಿಗೆ ಕಡಿವಾಣವಿದೆ.

ಉದ್ಯಾನದ ಪಾಸ್ ಬೇಕು. ಒಣಗಾಲದಲ್ಲಿ ದೊಡ್ಡವರಿಗೆ 40 ಡಾಲರಿನ ಆಸುಪಾಸು, ಮಳೆಗಾಲದಲ್ಲಿ ಕಡಿಮೆ. ಆನ್‌ಲೈನ್‌ನಲ್ಲಿ ಅಥವಾ ಜಬಿರು ಹತ್ತಿರದ ಬೊವಾಲಿ ಸಂದರ್ಶಕರ ಕೇಂದ್ರದಲ್ಲಿ ಸಿಗುತ್ತದೆ. ಅಂದಂದಿನ ರಸ್ತೆ ವರದಿಯೂ ಅಲ್ಲೇ. ಊರು ಬಿಟ್ಟ ಮೇಲೆ ಮೊಬೈಲ್ ಸಿಗ್ನಲ್ ನಂಬಬೇಡಿ. ನಕ್ಷೆ ಇಳಿಸಿಟ್ಟುಕೊಳ್ಳಿ, ಟ್ಯಾಂಕ್ ತುಂಬಿಸಿ, ಒಬ್ಬರಿಗೆ ದಿನಕ್ಕೆ ನಾಲ್ಕೈದು ಲೀಟರ್ ನೀರು ಇರಲಿ. ಮುಸ್ಸಂಜೆಯ ಮೇಲೆ ಕಾಂಗರೂಗಳು ರಸ್ತೆಗೆ ಬರುತ್ತವೆ, ಆಗ ಗಾಡಿ ಓಡಿಸದಿರುವುದೇ ಲೇಸು. ಸೊಳ್ಳೆಗೆ ಹಚ್ಚುವ ಮುಲಾಮು ಮರೆಯಬೇಡಿ. ಸಸ್ಯಾಹಾರಿಗಳಿಗೆ ಜಬಿರುವಿನಲ್ಲಿ ಆಯ್ಕೆ ಕಡಿಮೆ. ಡಾರ್ವಿನ್‌ನ ಭಾರತೀಯ ದಿನಸಿ ಅಂಗಡಿಗಳಲ್ಲಿ ಅವಲಕ್ಕಿ, ಉಪ್ಪಿನಕಾಯಿ, ಬೇಳೆ ಕೊಂಡುಕೊಂಡು, ಅಡುಗೆ ಮಾಡಿಕೊಳ್ಳಲು ಅವಕಾಶವಿರುವ ವಸತಿ ಹಿಡಿದರೆ ನಿಶ್ಚಿಂತೆ.

ಮೂಲನಿವಾಸಿಗಳ ಫೋಟೊ ಕೇಳದೆ ತೆಗೆಯುವಂತಿಲ್ಲ, ಬಂಡೆಚಿತ್ರ ಮುಟ್ಟುವಂತಿಲ್ಲ. ಯಾರಾದರೂ ಹಿರಿಯರು ತೀರಿಕೊಂಡರೆ ಕೆಲವು ಜಾಗಗಳನ್ನು ಕೆಲಕಾಲ ಮುಚ್ಚುವುದುಂಟು. ಬೇರೆ ಕಾರಣಕ್ಕೂ ಮುಚ್ಚಬಹುದು. ಕ್ರೊಕೊಡೈಲ್ ಡಂಡೀ ಚಿತ್ರದಿಂದ ಜಗತ್ತಿಗೆ ಪರಿಚಯವಾದ ಗುನ್ಲೊಮ್ ಜಲಪಾತವನ್ನೇ ನೋಡಿ: ಪವಿತ್ರ ಸ್ಥಳವೊಂದರ ಹತ್ತಿರ ಕಾಲುದಾರಿ ಕಟ್ಟಿದ್ದಕ್ಕೆ ನೆಲದ ಒಡೆಯರು ತಕರಾರು ತೆಗೆದು 2019ರಲ್ಲಿ ಮುಚ್ಚಿಸಿದರು, ವರ್ಷಗಟ್ಟಲೆ ತೆರೆಯಲಿಲ್ಲ. ದಾರಿಯಲ್ಲಿ ಮುಚ್ಚಿದೆ ಎಂಬ ಫಲಕ ಕಂಡರೆ ವಾದ ಮಾಡದೆ ಗಾಡಿ ತಿರುಗಿಸಿ.

ಡಾರ್ವಿನ್‌ನಿಂದ ಬೆಳಗ್ಗೆ ಹೊರಟು ರಾತ್ರಿ ಮರಳುವ ಪ್ಯಾಕೇಜುಗಳಿವೆ. ದಯವಿಟ್ಟು ಅವಕ್ಕೆ ಹಣ ಹಾಕಬೇಡಿ, ಐನೂರು ಕಿ.ಮೀ. ಬಸ್ಸಿನಲ್ಲಿ ಕೂತದ್ದೇ ಬಂತು. ಪಾಸ್ ಏಳು ದಿನ ನಡೆಯುತ್ತದೆ, ಅದರಲ್ಲಿ ಮೂರು ರಾತ್ರಿಯನ್ನಾದರೂ ಜಬಿರುವಿಗೆ ಕೊಡಿ.